ಮಾವ ತಿಂದ ಹೋಳಿಗೆ

ಅಚ್ಚುಕೂಟದಲ್ಲಿ ಕರಡು ತಿದ್ದುವ ತುಂಗಮ್ಮನ ಮೇಜನ್ನು ಹೊಸ ಕಾದಂಬರಿಕಾರ ಶೇಷಗಿರಿರಾಯರು ಗುದ್ದಿದರು.

“ಕರಡು ತಿದ್ದೋದು, ಸಂಪಾದನೆ ಮಾಡೋದು, ಏನ್ರೀ ವ್ಯತ್ಯಾಸ? ನನಗೆ ಎರಡೂ ಬೇಡ. ಒಂದಕ್ಷರ ಮುಟ್ಟಿದ್ರೆ ನಿಮ್ಮ ಕೆಲಸ ಹೋಗುತ್ತೆ!”

“ತಪ್ಪಕ್ಷರ ಹುಡುಕೋದು ಕರಡು ತಿದ್ದೋದು ಸ್ವಾಮಿ. ಎರಡನೇ ಅಧ್ಯಾಯದಲ್ಲಿ ಸತ್ತ ಮಾವ ಏಳನೇ ಅಧ್ಯಾಯದ ಮದುವೇಲಿ ಹೋಳಿಗೆ ಹೇಗೆ ತಿಂದ ಅಂತ ಕೇಳೋದು ಸಂಪಾದನೆ. ನಾನು ಕೇಳಲ್ಲ ಬಿಡಿ.”

“ಅದು ನನ್ನ ಶೈಲಿ!” ಅಂತ ಗುಡುಗಿ ರಾಯರು ಹೊರಟೇಹೋದರು.

ಮರುದಿನ ರಾಯರು ಬಂದು ನೋಡಿದರೆ, ಕರಡಿನ ಮೊದಲ ಪುಟದಲ್ಲಿ, ಅವರ ಫೋಟೋ ಕೆಳಗೆ, ದಪ್ಪಕ್ಷರದ ಸಾಲೊಂದಿತ್ತು: ‘ಈ ಪುಸ್ತಕದ ಒಂದಕ್ಷರವನ್ನೂ ಬೇರೆ ಯಾರೂ ಮುಟ್ಟಿಲ್ಲ. ಇರುವುದೆಲ್ಲ ಲೇಖಕರ ಸ್ವಂತದ್ದು.’

“ನಿಮ್ಮ ಮಾತೇ ಹಾಕಿದೀನಿ. ಊರೆಲ್ಲ ಓದಲಿ,” ಅಂದರು ತುಂಗಮ್ಮ.

ರಾಯರು ಹಣೆ ಒರೆಸಿಕೊಂಡರು.

“ಅಮ್ಮಾ, ಕೆಂಪು ಪೆನ್ನು ತಗೊಳ್ಳಿ. ಮೊದಲು ಆ ಮಾವನ ಕೈಯಿಂದ ಹೋಳಿಗೆ ಕಿತ್ಕೊಳ್ಳಿ!”