ಎರಡು ಕಲ್ಲುಗಳ ಪಾಠ

ಈ ಕಥೆಯನ್ನು ನಾನು ಚೆನ್ನಾಗಿ ಹೇಳಲಾರೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬರೆಯುತ್ತಿರುವುದು ಇದೇ ಮೊದಲು. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಅಲ್ಲಲ್ಲಿ ಹೆಚ್ಚು ಬಿಡಿಸಿ ಹೇಳಿದ್ದರೆ ಸಹಿಸಿಕೊಳ್ಳಿ.

ಬಹಳ ಹಿಂದೆ, ಯೆಹೂದ್ಯರ ನಾಡಿನ ಒಂದು ಕಾಡಿನಲ್ಲಿ ಒಂಟಿ ಕೌಜುಗವೊಂದಿತ್ತು. ಕೌಜುಗ ಅಂದರೆ ಕೋಳಿಗಿಂತ ಚಿಕ್ಕದಾದ, ಹಾರುವುದಕ್ಕಿಂತ ಓಡುವುದೇ ಹೆಚ್ಚಾದ ಹಕ್ಕಿ. ಅದರ ಬಳಗವೆಲ್ಲ ನೀರು ಹುಡುಕಿಕೊಂಡು ಆಚೆ ಬೆಟ್ಟಕ್ಕೆ ಹೋಗಿತ್ತು. ಇದು ಮಾತ್ರ ಹೋಗಲಿಲ್ಲ. ಕಾರಣ, ಕಾಡಿನ ಅಂಚಿನಲ್ಲಿದ್ದ ಪಾಠದ ಮನೆ.

ಅಲ್ಲಿ ಊರಿನ ಮಕ್ಕಳು ಧರ್ಮಗ್ರಂಥ ಕಲಿಯುತ್ತಿದ್ದರು. ಗ್ರಂಥ ಅಂದರೆ ನಮ್ಮ ಪುಸ್ತಕದ ಹಾಗಲ್ಲ, ಚರ್ಮದ ಮೇಲೆ ಬರೆದು ಚಾಪೆಯಂತೆ ಸುತ್ತಿಟ್ಟ ಸುರುಳಿ. ಇದ್ದದ್ದು ಒಂದೇ ಸುರುಳಿ, ಆದ್ದರಿಂದ ಎಲ್ಲರಿಗೂ ಬಾಯಿಪಾಠ. ಅಲ್ಲಿನ ಗುರುಗಳು ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸುತ್ತಿದ್ದರು. ಒಬ್ಬ ಪಾಠದ ಮೊದಲರ್ಧ ಹೇಳಬೇಕು, ಎದುರಿನವನು ಉಳಿದರ್ಧ ಹೇಳಬೇಕು. ಆಮೇಲೆ ಅದಲುಬದಲು. ಈ ಅದಲುಬದಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೌಜುಗ ಕಿಟಕಿಯ ಕೆಳಗೆ ಕೂತು ಎಲ್ಲವನ್ನೂ ಕೇಳುತ್ತಿತ್ತು. ಕಾಡಿಗೆ ಬಂದು ಒಪ್ಪಿಸುತ್ತಿತ್ತು. ಆದರೆ ಎದುರಿಗೆ ಯಾರೂ ಇರಲಿಲ್ಲ. ಅದಕ್ಕೆ ಎರಡು ಕಲ್ಲು ಆರಿಸಿಕೊಂಡಿತ್ತು. ಒಂದರ ಮೇಲೆ ನಿಂತು ಮೊದಲರ್ಧ ಹೇಳುವುದು. ಇಳಿದು, ಓಡಿ, ಇನ್ನೊಂದನ್ನು ಹತ್ತಿ ಉಳಿದರ್ಧ ಹೇಳುವುದು. ಉಳಿದರ್ಧಕ್ಕೆ ದನಿಯನ್ನು ಸ್ವಲ್ಪ ಬದಲಿಸುತ್ತಿತ್ತು, ಬೇರೆ ಯಾರೋ ಹೇಳಿದ ಹಾಗೆ ಕೇಳಲಿ ಎಂದು.

ಇದನ್ನು ಒಂದು ನರಿ ಪೊದೆಯಿಂದ ನೋಡಿತು.

"ಕೌಜುಗಕ್ಕಾ, ಯಾಕಿಷ್ಟು ಓಡಾಟ? ಆ ಕಲ್ಲಿನ ಮೇಲೆ ನಾನು ಕೂರುತ್ತೇನೆ."

"ನಿನಗ್ಯಾಕೆ ಪಾಠ, ನರಿಯಣ್ಣ?"

"ವಯಸ್ಸಾಯಿತು. ಈಗಲಾದರೂ ನಾಲ್ಕು ಒಳ್ಳೆಯ ಮಾತು ಬಾಯಿಗೆ ಬರಲಿ."

"ನಿನ್ನ ಬಾಯೊಳಗೆ ಹೋದವರನ್ನು ಕಂಡಿದ್ದೇನೆ. ಒಳ್ಳೆಯ ಮಾತು ಹೊರಗೆ ಬಂದದ್ದನ್ನು ಕಂಡಿಲ್ಲ," ಎಂದಿತು ಕೌಜುಗ. ಆದರೂ ಬೇಡ ಎನ್ನಲಿಲ್ಲ. "ಕಲ್ಲುಗಳ ನಡುವೆ ಹತ್ತು ಹೆಜ್ಜೆ ಇದೆ. ಅದು ಹಾಗೇ ಇರಲಿ," ಎಂದಷ್ಟೇ ಹೇಳಿತು.

ಪಾಠ ಶುರುವಾಯಿತು. ಕೌಜುಗ ಮೊದಲರ್ಧ ಹೇಳುತ್ತಿತ್ತು. ನರಿ ತನಗೆ ಹೇಳಿಕೊಟ್ಟ ಉಳಿದರ್ಧ ಹೇಳುತ್ತಿತ್ತು.

"ಇನ್ನು ಅದಲುಬದಲು ಮಾಡೋಣ ನರಿಯಣ್ಣ."

"ನನ್ನ ಅರ್ಧ ನನಗೆ ಸಾಕು. ನಿನ್ನದನ್ನು ನೀನೇ ಇಟ್ಟುಕೋ."

ಯಾಕೆಂದರೆ ಕೌಜುಗ ಹೇಳುವಾಗ ನರಿ ಕೇಳುತ್ತಲೇ ಇರಲಿಲ್ಲ. ಅದರ ಕತ್ತನ್ನು ನೋಡುತ್ತಿತ್ತು. "ಕಿವಿ ಮಂದ ಅಕ್ಕಾ," ಎಂದು ದಿನವೂ ತನ್ನ ಕಲ್ಲನ್ನು ಮೂತಿಯಿಂದ ಒಂದು ಹೆಜ್ಜೆ ಮುಂದಕ್ಕೆ ನೂಕುತ್ತಿತ್ತು.

ಕೌಜುಗಕ್ಕೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿದಿತ್ತು. ಒಂಬತ್ತು, ಎಂಟು, ಏಳು ಎಂದು ಎಣಿಸುತ್ತಲೇ ಇತ್ತು. ಆದರೆ ತಾನು ಹೇಳಿ ನಿಲ್ಲಿಸಿದ ಕೂಡಲೇ ಎದುರಿನಿಂದ ಇನ್ನೊಂದು ದನಿ ಬರುತ್ತಿತ್ತಲ್ಲ, ಅದನ್ನು ಬಿಡಲು ಆಗಲಿಲ್ಲ.

ಎರಡೇ ಹೆಜ್ಜೆ ಉಳಿದ ದಿನ ಹೊಸ ಪಾಠ. ಆರು ವರ್ಷ ಬೆಳೆದು ಕೊಯ್ದುಕೊಳ್ಳಿ, ಏಳನೆಯ ವರ್ಷ ಹೊಲ, ತೋಟಗಳನ್ನು ಹಾಗೇ ಬಿಡಿ ಎಂಬುದು ಮೊದಲರ್ಧ. ಬಡವರು ತಿಂದು ಉಳಿದದ್ದನ್ನು ಕಾಡಿನ ಪ್ರಾಣಿಗಳು ತಿನ್ನಲಿ ಎಂಬುದು ಉಳಿದರ್ಧ.

ನರಿ ತನ್ನ ಪಾಲು ಹೇಳಿ ಥಟ್ಟನೆ ನಿಲ್ಲಿಸಿತು.

"ಕಾಡಿನ ಪ್ರಾಣಿ ಅಂದರೆ ನಾನೇ ಅಲ್ಲವೇ?"

"ನೀನೇ. ಆದರೆ..."

"ಸುರುಳಿಯಲ್ಲೇ ಬರೆದಿದೆಯೇ?"

"ಬರೆದಿದೆ. ಮೊದಲರ್ಧ ಕೇಳು ನರಿಯಣ್ಣ."

"ಅದು ನಿನ್ನ ಪಾಲು." ನರಿ ಕೌಜುಗದ ಬಡಕಲು ಮೈ ನೋಡಿತು. ಕಾಡಿನ ಕೆಳಗೆ ಹಣ್ಣು ತೂಗುತ್ತಿದ್ದ ಊರಿನವರ ದ್ರಾಕ್ಷಿತೋಟ ನೋಡಿತು. "ನಿನ್ನಲ್ಲಿ ಒಂದು ತುತ್ತೂ ಇಲ್ಲ ಅಕ್ಕಾ. ನಿನ್ನ ವಿಚಾರ ನಾಳೆ," ಎಂದು ಹೊರಟಿತು.

ಅದು ಐದನೆಯ ವರ್ಷ. ಅಂದರೆ ತೋಟ ಬಿಡುವುದಕ್ಕೆ ಇನ್ನೂ ಎರಡು ವರ್ಷವಿತ್ತು, ಕಾವಲುಗಾರ ಬಲೆ ಹಾಕಿ ಕೂತಿದ್ದ. ಕೌಜುಗ ಸುಮ್ಮನಿದ್ದರೆ ಸಾಕಿತ್ತು, ನರಿಯ ಕಾಟ ತಪ್ಪುತ್ತಿತ್ತು. ಆದರೆ ಅದು ಕಲ್ಲಿನ ತುದಿಗೆ ಬಂದು ಮೊದಲರ್ಧವನ್ನು ಗಂಟಲು ಹರಿಯುವಂತೆ ಕೂಗಿತು. ಮೂರು ಸಲ ಕೂಗಿತು. ನರಿ ತಿರುಗಲಿಲ್ಲ.

ಬಲೆಯೊಳಗಿಂದ ನರಿ ತನ್ನ ಅರ್ಧವನ್ನು ಮತ್ತೆ ಮತ್ತೆ ಒಪ್ಪಿಸಿತು. ಕಾವಲುಗಾರನಿಗೆ ಕೇಳಿದ್ದು ಬರೀ ಊಳು. ಬಲೆ ಸಮೇತ ಹೊತ್ತುಕೊಂಡು ಹೋದ.

ಮರುದಿನ ಕೌಜುಗ ತನ್ನ ಕಲ್ಲು ಹತ್ತಿ ಮೊದಲರ್ಧ ಹೇಳಿತು. ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಇಳಿಯಿತು. ಈಗ ಓಡಬೇಕಾಗಿರಲಿಲ್ಲ, ಎರಡೇ ಹೆಜ್ಜೆ. ಎದುರಿನ ಕಲ್ಲು ಹತ್ತಿ ಉಳಿದರ್ಧ ಹೇಳಿತು. ದನಿ ಬದಲಿಸಿದಾಗ ಅದು ನರಿಯ ದನಿಯ ಹಾಗೆ ಕೇಳಿತು.

ನೀತಿ: ತನಗೆ ಬೇಕಾದ ಅರ್ಧವನ್ನಷ್ಟೇ ಕಲಿತವನನ್ನು, ಕಲಿಯದೆ ಬಿಟ್ಟ ಅರ್ಧವೇ ಹಿಡಿದುಹಾಕುತ್ತದೆ. ಹಿಡಿದದ್ದು ಬಲೆಯಲ್ಲವೇ ಎಂದರೆ, ಬಲೆಯೂ ಹೌದು. ಇನ್ನು ಕೌಜುಗ ತನ್ನನ್ನು ತಿನ್ನಲು ಬಂದವನ ದನಿಯನ್ನೇ ಯಾಕೆ ಇಟ್ಟುಕೊಂಡಿತು ಎಂದರೆ, ಒಬ್ಬರೇ ಇರುವವರಿಗೆ... ಇರಿ, ಒಳಗಿಂದ ನನ್ನನ್ನು ಊಟಕ್ಕೆ ಕರೆಯುತ್ತಿದ್ದಾರೆ. ಬಂದೆ