ಆನೆ ಹಾಕಿದ ಮಿತಿ

ಕಾಡಿನ ಕಂಪ್ಯೂಟರಿಗೆ ಆನೆಯೇ ಯಜಮಾನ. ಕೋತಿಯ ವಿಡಿಯೋಗಳಿಂದ ಡಿಸ್ಕ್ ತುಂಬಿ ಎಲ್ಲರ ಕೆಲಸವೂ ನಿಲ್ಲುವ ಹಾಗಾದಾಗ, ತಲೆಗಿಷ್ಟೇ ಜಾಗವೆಂದು ಅದು ಕೋಟಾ ಹಾಕಿತು. ಸರಿಯಾಯಿತೇ ನೋಡೋಣವೆಂದು ತಾನೇ ಕಡತಗಳನ್ನು ಸುರಿಯಿತು. ಮಿತಿ ದಾಟಿದರೂ ತಡೆಯೇ ಇಲ್ಲ. ಕೋಟಾ ತೆಗೆದು ಮತ್ತೆ ಹಾಕಿ ಸುರಿಯಿತು, ಅದೇ ಕಥೆ. ಆನೆಯ ಸೊಂಡಿಲು ಜೋತುಬಿತ್ತು.

ಅಷ್ಟರಲ್ಲಿ ಕೋತಿ ಸಿಡುಕುತ್ತ ಬಂತು. "ಆನೆಯಣ್ಣ, ನನ್ನ ಪಾಲು ಮುಗಿಯಿತು ಅಂತ ಡಿಸ್ಕ್ ನನ್ನ ವಿಡಿಯೋ ತೆಗೆದುಕೊಳ್ಳುತ್ತಿಲ್ಲ."

"ಹೌದೇ? ಸದ್ಯ, ಬದುಕಿದೆ," ಎಂದು ಆನೆ ನಿಟ್ಟುಸಿರುಬಿಟ್ಟಿತು. ಆಮೇಲೆ ಡಿಸ್ಕಿನತ್ತ ತಿರುಗಿ, "ಮತ್ತೆ ನನ್ನನ್ನೇಕೆ ತಡೆಯಲಿಲ್ಲ?" ಎಂದು ಗದರಿತು.

"ಯಜಮಾನರನ್ನು ತಡೆಯುವ ಪದ್ಧತಿ ನಮ್ಮಲ್ಲಿಲ್ಲ," ಎಂದಿತು ಡಿಸ್ಕ್. "ಈಗ ನನ್ನ ಹೊಟ್ಟೆಯಲ್ಲಿ ಮುಕ್ಕಾಲು ಪಾಲು ನಿಮ್ಮ ಪರೀಕ್ಷೆಯೇ ಇದೆ."

ಆನೆ ತಾನು ಸುರಿದ ಕಡತಗಳನ್ನು ಅಳಿಸಲು ಕೂತಿತು.