ನಾನಾ ದಂಸೋವಾ ಕೇಳಿದ ಮಾತು

ಬಹಳ ಹಿಂದಿನ ಮಾತು. ಪಟ್ಟಣಕ್ಕೆ ಸರ್ಕಾರಿ ಕಚೇರಿ ಬಂದಿತ್ತು, ನಮ್ಮೂರಿಗೆ ಇನ್ನೂ ರಸ್ತೆ ಬಂದಿರಲಿಲ್ಲ. ಆ ಕಾಲದಲ್ಲಿ, ಘಾನಾದ ಕೋಕೋ ತೋಟಗಳ ನಡುವಿನ ಈ ಊರಲ್ಲೇ, ದಂಸೋವಾ ಅನ್ನುವ ಮುದುಕಿಯೊಬ್ಬಳಿದ್ದಳಂತೆ. ಹಿರಿಯರನ್ನು ನಾವು ‘ನಾನಾ’ ಅನ್ನುತ್ತೇವಲ್ಲ, ಅವಳಿಗಿಂತ ವಯಸ್ಸಾದವರೂ ಅವಳನ್ನು ನಾನಾ ದಂಸೋವಾ ಅಂತಲೇ ಕರೆಯುತ್ತಿದ್ದರಂತೆ.

ಮದುವೆಗಳಲ್ಲಿ ಅವಳ ಕೆಲಸ ಕೇಳುವುದು. ಗಂಡಿನ ಕಡೆಯವರು ಹೆಂಡದ ಬುರುಡೆ ಹೊತ್ತು ಬರುತ್ತಾರೆ. ಆ ಹೆಂಡವನ್ನು ಹೆಣ್ಣಿನ ಕಡೆಯವರು ಕುಡಿದರೆ ಮದುವೆ ಆದಂತೆ. ಕುಡಿಯುವ ಮುಂಚೆ ಹುಡುಗಿಯನ್ನು ಮೂರು ಸಲ ಕೇಳಬೇಕು: “ಈ ಹೆಂಡ ತಗೊಳ್ಳೋಣವಾ ಮಗಳೇ?” ಮೂರು ಸಲವೂ ಅವಳು ಹೂಂ ಅನ್ನಬೇಕು. ಬೇರೆ ಊರುಗಳಲ್ಲಿ ಕೇಳುತ್ತಲೇ ಬಿರಡೆ ಕೀಳುತ್ತಿದ್ದರಂತೆ. ದಂಸೋವಾ ಹಾಗಲ್ಲ. ಕೇಳಿ, ಕಾಯುತ್ತಿದ್ದಳು. ಅವಳು ಕಾಯುವಾಗ ಅಂಗಳದ ಕೋಳಿಗಳೂ ಕೆದಕುವುದನ್ನು ನಿಲ್ಲಿಸುತ್ತಿದ್ದವು ಅಂತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಆದರೆ ಹಾಗಂತಾರೆ.

ಊರಲ್ಲಿ ನ್ಯಾರ್ಕೋ ಅನ್ನುವ ಹುಡುಗಿ. ತಾಯಿಯಿಲ್ಲ, ಸೋದರಮಾವ ಅಮೋವಾನ ಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ತಂದೆಗಿಂತ ಸೋದರಮಾವನ ಮಾತೇ ದೊಡ್ಡದು. ಅವಳನ್ನು ಕೇಳಿಕೊಂಡು ಒಫೋರಿ ಅನ್ನುವ ಕೋಕೋ ವ್ಯಾಪಾರಿ ಬಂದ. ನಗುಮುಖದವನು, ಕೈ ಧಾರಾಳ. ಮದುವೆಗೆ ಮುಂಚೆಯೇ ಅಮೋವಾನ ಮನೆಯ ಸೋಗೆ ತೆಗೆಸಿ ತಗಡು ಹೊದಿಸಿದ. ಊರಿಗೆ ಅದೇ ಮೊದಲ ತಗಡಿನ ಮಾಡು. ಮಳೆ ಬಂದರೆ ಆ ಸದ್ದು ಕೇಳಲೆಂದೇ ಜನ ಹೋಗಿ ಅಲ್ಲಿ ಕೂರುತ್ತಿದ್ದರಂತೆ.

ಒಫೋರಿಗೆ ಹೆಂಡದ ಮದುವೆಯಷ್ಟೇ ಸಾಲದಾಗಿತ್ತು. ಮಾರನೆಯ ದಿನ ಪಟ್ಟಣಕ್ಕೆ ಹೋಗಿ ಕಚೇರಿಯಲ್ಲೂ ನೋಂದಾಯಿಸಬೇಕು ಅಂದ. ನಮ್ಮ ಹುಡುಗಿ ಸರ್ಕಾರ ಒಪ್ಪಿದ ಹೆಂಡತಿ ಆಗುತ್ತಾಳೆ ಅಂತ ಅಮೋವಾ ಎದೆಯುಬ್ಬಿಸಿ ಓಡಾಡಿದ.

ಹೆಂಡ ಬಂತು. ದಂಸೋವಾ ಕೇಳಿದಳು. ನ್ಯಾರ್ಕೋ ಸುಮ್ಮನಿದ್ದಳು. ಮತ್ತೆ ಕೇಳಿದಳು. ಸುಮ್ಮನಿದ್ದಳು.

“ನಾಚಿಕೆ, ನಾನಾ. ಸುಮ್ಮನಿದ್ದಾಳೆ ಅಂದರೆ ಒಪ್ಪಿದ ಹಾಗೆ. ಬಿರಡೆ ತೆಗೀರಿ,” ಅಂದ ಅಮೋವಾ.

“ನನಗೆ ವಯಸ್ಸಾಯ್ತಪ್ಪ. ಬಾಯಿಬಿಟ್ಟು ಹೇಳದ ಮಾತು ಕೇಳಿಸೋದಿಲ್ಲ,” ಅಂದಳಂತೆ ಮುದುಕಿ. ಪೀಠದಿಂದ ಇಳಿದು ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು. ಕಾದಳು. ಸಾರು ಆರಿತು. ಮಕ್ಕಳು ಹಸಿದು ಅತ್ತವು. ನೆರಳು ಅಂಗಳ ದಾಟಿ ಆಚೆ ಗೋಡೆ ಹತ್ತಿತು. ಕಾದಳು ಅಂತಾರೆ.

ಕೊನೆಗೆ ನ್ಯಾರ್ಕೋ ತಲೆಯೆತ್ತಿದಳು. “ನಾನಾ, ನನ್ನನ್ನು ಆಮೇಲೆ ಕೇಳಿ. ಮೊದಲು ಎಕುವಾಳನ್ನ ಕೇಳಿ.”

ಯಾರು ಎಕುವಾ? ಆಗ ಹೊರಬಿತ್ತು. ನದಿಯಾಚೆಯ ಊರಲ್ಲಿ ಒಫೋರಿ ಹೆಂಡ ಕೊಟ್ಟು ಕಟ್ಟಿಕೊಂಡ ಹೆಂಡತಿ ಅವಳು. ಮಕ್ಕಳೂ ಇದ್ದವು. ಅವಳು ಸಂತೆಯಲ್ಲಿ ಮೀನು ಮಾರುತ್ತಿದ್ದಾಗ ಅವಳ ಮಗು ಒಫೋರಿಯನ್ನು ಕಂಡು ‘ಅಪ್ಪಾ’ ಅಂತ ಓಡಿದ್ದನ್ನು, ಇವನು ಮುಖ ತಿರುಗಿಸಿ ನಡೆದಿದ್ದನ್ನು ನ್ಯಾರ್ಕೋ ಕಣ್ಣಾರೆ ಕಂಡಿದ್ದಳು. ಹೆಂಡದ ಮದುವೆಯಲ್ಲಿ ಗಂಡಸಿಗೆ ಇಬ್ಬರು ಹೆಂಡತಿಯರು ಇರಬಹುದು. ಕಚೇರಿಯ ಮದುವೆಯಲ್ಲಿ ಒಬ್ಬಳೇ. ನ್ಯಾರ್ಕೋ ಅಲ್ಲಿ ಹೆಬ್ಬೆಟ್ಟು ಒತ್ತಿದ ದಿನ ಎಕುವಾ ಅವನಿಗೆ ಏನೂ ಅಲ್ಲ.

“ಅದು ಬರೀ ಹೆಂಡ, ನಾನಾ. ಎಲ್ಲೂ ಬರೆದಿಲ್ಲ,” ಅಂದನಂತೆ ಒಫೋರಿ.

“ಹಾಗಾದರೆ ಇವತ್ತು ಹೊತ್ತು ತಂದಿದ್ದೇನು?” ಅಂದಳಂತೆ ದಂಸೋವಾ.

ಬುರುಡೆಯನ್ನು ಇದ್ದಲ್ಲೇ ಬಿಟ್ಟು ಅವಳು ನದಿಯತ್ತ ನಡೆದಳು. ತುಂಬಿದ ನದಿ ಅವಳಿಗೆಂದು ಮೊಣಕಾಲಿಗೆ ಇಳಿಯಿತು ಅಂತ ಕೆಲವರು. ಅಲ್ಲ, ಬೆಸ್ತರ ದೋಣಿ ಸಿಕ್ಕಿತು ಅಂತ ಕೆಲವರು. ಹೇಗೋ ದಾಟಿದಳು. ಎಕುವಾ ಒಲೆ ಮುಂದೆ ಮೀನಿಗೆ ಹೊಗೆ ಹಾಕುತ್ತಿದ್ದಳು. ಮುದುಕಿ ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿ, “ನೀನು ಏನಂತೀಯ ಮಗಳೇ?” ಅಂದಳು.

ಎಕುವಾ ಒಲೆಯ ಮೇಲಿನ ಮೀನನ್ನು ಮಗುಚಿ ಹಾಕಿದಳಂತೆ. “ಅವತ್ತು ಮೂರು ಸಲ ಕೇಳಿದರು, ಮೂರು ಸಲ ಹೂಂ ಅಂದೆ. ಆಮೇಲೆ ನನ್ನನ್ನು ಯಾರೂ ಏನೂ ಕೇಳಿಲ್ಲ. ಅವನು ಇನ್ನೊಬ್ಬಳನ್ನು ತಂದರೆ ತರಲಿ, ನಾನಾ. ನಾನು ಇರಲೇ ಇಲ್ಲ ಅಂತ ಮಾತ್ರ ಬರೆಸೋದು ಬೇಡ.”

ಮುದುಕಿ ಅವಳನ್ನು ಕರೆದುಕೊಂಡು ಪಟ್ಟಣಕ್ಕೇ ನಡೆದಳು. ಎಕುವಾಳ ಮದುವೆಯ ಹೆಂಡ ಕುಡಿದ ಹಿರಿಯರೆಲ್ಲ ಹಿಂದೆ ಹೊರಟರು. ಕಚೇರಿಯಲ್ಲಿ ಅಧಿಕಾರಿ, ಮದುವೆಗೆ ಸಾಕ್ಷಿ ಏನು ಅಂದ. ಹಲ್ಲಿಲ್ಲದ ಒಬ್ಬ ಮುದುಕ ಮುಂದೆ ಬಂದು, “ನಾನು ಕುಡಿದಿದ್ದೇನೆ ಸ್ವಾಮಿ,” ಅಂದ. ನಾನೂ ಕುಡಿದಿದ್ದೇನೆ, ನಾನೂ, ಅಂತ ಒಬ್ಬೊಬ್ಬರೇ ಅಂದರು. ಅಧಿಕಾರಿ ನಗಲಿಲ್ಲ. ಊರ ಪದ್ಧತಿಯಂತೆ ಒಬ್ಬಳನ್ನು ಕಟ್ಟಿಕೊಂಡವನು ಇಲ್ಲಿ ಬಂದು ಇನ್ನೊಬ್ಬಳನ್ನು ಮದುವೆಯಾಗುವಂತಿಲ್ಲ, ಕಾನೂನೇ ಹಾಗಿದೆ ಅಂದನಂತೆ.

ಊರಿಗೆ ಬಂದು ದಂಸೋವಾ ನ್ಯಾರ್ಕೋಳನ್ನು ಮೂರನೆಯ ಸಲ ಕೇಳಿದಳು.

“ಬೇಡ,” ಅಂದಳು ನ್ಯಾರ್ಕೋ.

ಅಷ್ಟಕ್ಕೆ ಎಲ್ಲ ಸುಖವಾಯಿತು ಅಂದುಕೊಳ್ಳಬೇಡಿ. ಒಫೋರಿಯ ಆಳುಗಳು ಬಂದು ತಗಡು ಕಿತ್ತುಕೊಂಡು ಹೋದರು. ಮಳೆಗಾಲ ಎದುರಿಗಿತ್ತು. ನೆನೆಯುವ ಮನೆಯಲ್ಲಿ ಅಮೋವಾ ಆ ಮಳೆ ಮುಗಿಯುವವರೆಗೆ ಸೋದರಸೊಸೆಯ ಜೊತೆ ಮಾತಾಡಲಿಲ್ಲ. ಅವಳೇ ಸೋಗೆ ಕಡಿದು ತಂದು ಮಾಡು ಹೊದಿಸಿದಳು. ಒಂದು ದಿನ ಅವನು ಮಾತಿಲ್ಲದೆ ಬಂದು ಏಣಿ ಹಿಡಿದುಕೊಂಡನಂತೆ. ಒಫೋರಿ ನದಿ ದಾಟಿ ಹೋಗಿ ತನ್ನದೇ ಮನೆಯ ಬಾಗಿಲು ತಟ್ಟಿದ. ಎಕುವಾ ತೆಗೆದಳೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ದಂಸೋವಾ ಹೋದ ಮೇಲೆ ಮದುವೆಗಳಲ್ಲಿ ಕೇಳಲು ಕೂತವಳು ನ್ಯಾರ್ಕೋ. ಅವಳಿಂದ ಇನ್ನೊಬ್ಬಳು, ಅವಳಿಂದ ನಾನು.

ಈಗ ಜನ ಊರಲ್ಲಿ ಹೆಂಡ ಕುಡಿದು, ಪಟ್ಟಣದಲ್ಲಿ ರುಜುವನ್ನೂ ಹಾಕುತ್ತಾರೆ. ಎರಡೂ ಇರಲಿ, ಒಳ್ಳೆಯದೇ. ಆದರೆ ನಮ್ಮೂರಲ್ಲಿ ಹುಡುಗಿ ಮೂರು ಸಲ ಹೂಂ ಅಂದರೂ ಬಿರಡೆ ಕೀಳುವುದಿಲ್ಲ. ನೆಲದ ಮೇಲೆ ಕೂತು ಗಂಡಿನ ಕಡೆಗೆ ತಿರುಗಿ, “ಕೇಳಬೇಕಾದವರು ಇನ್ನು ಯಾರಾದರೂ ಇದ್ದಾರಾ?” ಅನ್ನುತ್ತೇವೆ. ಆಮೇಲೆ ಮದುಮಗನೂ ಸೇರಿ ಎಲ್ಲರೂ ನದಿಯ ದಾರಿಯನ್ನು ನೋಡುತ್ತಾ ಕೂರುತ್ತೇವೆ.